ಮುದುಕಿಯರಿಲ್ಲದ ಬೀದಿ

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಸುರಿ ಹೆಂಗಸು ಬಂದು ಕೂತರೆ ನನ್ನ ಕಣ್ಣು ಮೊದಲು ಅವಳ ಪಾದಕ್ಕೆ ಹೋಗುತ್ತದೆ. ಮುಖ ಆಮೇಲೆ. ಇದು ಮರ್ಯಾದೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ಮೊನ್ನೆ ಹಾಗೇ ನೋಡುತ್ತಿದ್ದಾಗ ಆ ಹುಡುಗಿ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು, ‘ಯಾಕಕ್ಕಾ, ಕಾಲುಂಗುರ ನೋಡ್ತಿದ್ದೀರಾ? ಬೆಳ್ಳೀದಲ್ಲ ಕಣಕ್ಕಾ’ ಎಂದಳು. ‘ಡಿಸೈನು ಚೆನ್ನಾಗಿದೆ’ ಎಂದು ಸುಳ್ಳು ಹೇಳಿ ಕಿಟಕಿಯಾಚೆ ತಿರುಗಿದೆ. ನಿಜ ಹೇಳಬೇಕಾದರೆ ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗಿನ ದಾರಿ ಸಾಲದು. ಅಷ್ಟರಲ್ಲಿ ಅವಳು ತೆರಕಣಾಂಬಿಯಲ್ಲಿ ಇಳಿದುಬಿಟ್ಟಳು. ನೀವು ಇಳಿದುಹೋಗುವ ಅವಸರದಲ್ಲಿಲ್ಲವಾದರೆ ನಿಮಗೆ ಹೇಳುತ್ತೇನೆ.

ತೆರಕಣಾಂಬಿ ನಾನು ಹುಟ್ಟಿ ಬೆಳೆದ ಊರು. ನಮ್ಮ ಬೀದಿಯಲ್ಲಿ ಆಗ ಏಳೆಂಟು ಮುದುಕಿಯರಿದ್ದರು. ಬಿಸಿಲು ಯಾವ ಜಗಲಿಯ ಮೇಲೆ ಬೀಳುತ್ತದೋ ಆ ಜಗಲಿಗೆ ಅವರು ಒಟ್ಟಾಗಿ ವರ್ಗವಾಗುತ್ತಿದ್ದರು. ಸ್ಕೂಲಿಗೆ ಹೋಗುವ ಮಕ್ಕಳು ಅವರೆದುರು ಹಾಯದೆ ಹೋಗುವಂತಿರಲಿಲ್ಲ. ಅದರಲ್ಲೂ ನಂಜಮ್ಮಜ್ಜಿ ಎಂಬವಳೊಬ್ಬಳಿದ್ದಳು. ಕೈಹಿಡಿದು ನಿಲ್ಲಿಸಿ, ರೆಪ್ಪೆ ಕೆಳಗೆಳೆದು, ನಾಲಿಗೆ ಚಾಚಿಸಿ, ಇಡೀ ಬೀದಿಗೆ ಕೇಳುವಂತೆ ‘ಇವತ್ತು ಒರಕಡೆ ಓಗಿದ್ಯಾ ಕಣಮ್ಮಿ? ಗಟ್ಟಿಗಾ, ನೀರಾಗಾ?’ ಎಂದು ವಿಚಾರಣೆ ಮಾಡುತ್ತಿದ್ದಳು. ನನಗೆ ಹನ್ನೆರಡು ವರ್ಷವಾಗಿ, ಜೊತೆಯಲ್ಲಿ ಏಳನೇ ಕ್ಲಾಸಿನ ಹುಡುಗರಿರುವಾಗಲೂ ಇದೇ ಪ್ರಶ್ನೆ. ಅವಮಾನದಿಂದ ಸಾಯಬಹುದಾಗಿದ್ದರೆ ನಾನು ಎಂದೋ ಸತ್ತಿರುತ್ತಿದ್ದೆ.

ಆ ಮುದುಕಿಯರನ್ನು ಹೊಗಳಲು ಹೊರಟಿದ್ದೇನೆ ಎಂದುಕೊಳ್ಳಬೇಡಿ. ನನ್ನ ಹೊಟ್ಟೆಯ ಮೇಲೆ ಇಂದಿಗೂ ಸುಟ್ಟ ಅರಿಸಿನ ಕೊಂಬಿನ ಎರಡು ಬರೆಗಳಿವೆ. ಕೂಸಾಗಿದ್ದಾಗ ಹಟ ಮಾಡಿದೆನೆಂದು ಅವರು ಎಳೆದದ್ದು. ಬಾಣಂತಿಯರಿಗೆ ಕುಡಿಯಲು ನೀರು ಕೊಡದೆ ಕಾಡಿದವರೂ ಅವರೇ. ಆದರೆ ಪಕ್ಕದ ಮನೆಯ ಶಾಂತಿಯ ಕಣ್ಣು ಹಳದಿಯಾದದ್ದನ್ನು ಅವಳ ತಾಯಿಗಿಂತ ಮೊದಲು ಕಂಡವಳು ನಂಜಮ್ಮಜ್ಜಿ. ಅವರಿಗೆ ಮದ್ದು ಗೊತ್ತಿರಲಿಲ್ಲ, ನೋಡುವುದು ಗೊತ್ತಿತ್ತು. ಈ ವ್ಯತ್ಯಾಸ ನನಗೆ ಆಗ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ತಡವಾಗಿತ್ತು.

ಓದಿ, ಟೀಚರಾಗಿ, ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ. ಗುಂಡ್ಲುಪೇಟೆ ರಸ್ತೆಯ ಕಡೆ ಹೊಸದಾಗಿ ಎದ್ದ ಬಡಾವಣೆಯಲ್ಲಿ ಒಬ್ಬರೇ ಮಾಲೀಕರು ಎದುರುಬದುರಾಗಿ ಹನ್ನೆರಡು ಬಾಡಿಗೆ ಮನೆ ಕಟ್ಟಿಸಿದ್ದರು. ಎಲ್ಲವೂ ಸಿಂಗಲ್ ಬೆಡ್‌ರೂಮು. ಸಿಂಗಲ್ ಬೆಡ್‌ರೂಮು ಎಂದರೆ ಅತ್ತೆಗೆ ಜಾಗವಿಲ್ಲ ಎಂಬುದರ ಸಭ್ಯ ರೂಪ. ಹನ್ನೆರಡು ಮನೆಗೂ ನಮ್ಮಂಥವರೇ ಬಂದರು: ಟೀಚರು, ನರ್ಸರಿ ಶಾಲೆಯ ಮಿಸ್ಸು, ಗಾರ್ಮೆಂಟ್ಸ್ ಸೂಪರ್‌ವೈಸರು, ಫೈನಾನ್ಸ್ ಕಂಪನಿಯ ಹುಡುಗ. ಮೂವತ್ತಾರಾಗಿದ್ದ ನಾನೇ ಆ ಬೀದಿಯ ಹಿರಿಯಳು. ಮೊದಲ ದಿನ ಗೇಟಿನಲ್ಲಿ ನಿಂತು ಆಚೀಚೆ ನೋಡಿದೆ. ಒಂದು ಜಗಲಿಯಿಲ್ಲ, ಒಬ್ಬ ಮುದುಕಿಯಿಲ್ಲ. ಸ್ವಾತಂತ್ರ್ಯ ಬಂದ ದಿನ ನಮ್ಮ ಅಜ್ಜನಿಗೂ ಅಷ್ಟು ಖುಷಿಯಾಗಿತ್ತೋ ಇಲ್ಲವೋ.

ಒಮ್ಮೆ ನಮ್ಮತ್ತೆ ಬಂದು ಮೂರು ವಾರ ಇದ್ದರು. ಬಂದ ನಾಲ್ಕನೇ ದಿನಕ್ಕೆ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಿಗೆಳೆಯತೊಡಗಿದರು. ಒಬ್ಬಳಿಗೆ ‘ಎರಡು ವರ್ಸ ಆಯ್ತಂತೆ, ಇನ್ನೂ ನೀರು ನಿಂತಿಲ್ವಾ?’ ಎಂದರು. ಇನ್ನೊಬ್ಬಳಿಗೆ ‘ಯಾಕವ್ವ, ಮೊಕ ಬಿಳಿಚ್ಕೊಂಡದೆ’ ಎಂದರು. ನಮ್ಮ ಬೀದಿಯ ಹೆಂಗಸರಿಗೆ ಒಂದು ವಾಟ್ಸಾಪ್ ಗ್ರೂಪಿತ್ತು. ಅದರಲ್ಲಿ ಯಾರೋ ‘ಆಂಟಿ ಸ್ವಲ್ಪ ಪರ್ಸನಲ್ ಆಗ್ತಾರೆ’ ಎಂದು ನಗುವ ಮುಖ ಹಾಕಿದರು. ಆ ನಗುವ ಮುಖಕ್ಕೆ ನಾಚಿ ನಾನೇ ಅತ್ತೆಯನ್ನು ಊರಿನ ಬಸ್ಸು ಹತ್ತಿಸಿ ಬಂದೆ. ‘ಇನ್ನೊಂದೆಲ್ಡು ದಿನ ಇರ್ತಿದ್ದೆ ಕಣವ್ವಾ’ ಎಂದು ಅವರು ಕಿಟಕಿಯಿಂದ ಹೇಳಿದ್ದು ಕೇಳಿಸಲಿಲ್ಲವೆಂಬಂತೆ ಕೈಬೀಸಿದೆ.

ಕೊನೆಯ ಮನೆಗೆ ಸವಿತಾ ಬಂದದ್ದು ಅದಾದ ಮೇಲೆ. ಇಪ್ಪತ್ತನಾಲ್ಕರ ಹುಡುಗಿ. ಗಂಡ ಮಂಜು ಸ್ವಂತ ಗೂಡ್ಸ್ ಗಾಡಿಯಲ್ಲಿ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಸಾಗಿಸುತ್ತಿದ್ದ. ಇಬ್ಬರದೂ ಬೇರೆ ಬೇರೆ ಜಾತಿ. ಎರಡು ಕಡೆಯವರೂ ಇವರನ್ನು ಬಿಟ್ಟುಬಿಟ್ಟಿದ್ದರು. ‘ನಿಮಗೆ ಯಾರೂ ಇಲ್ಲ ಅಂದ್ಕೋಬೇಡಿ, ನಾವಿಲ್ವಾ’ ಎಂದು ಬೀದಿಯ ಪರವಾಗಿ ಹೇಳಿದವಳು ನಾನು. ಭಾಷಣ ಮಾಡುವುದು ಟೀಚರುಗಳಿಗೆ ಹುಟ್ಟುಗುಣ.

ಅವಳು ಬಸುರಿಯಾದಾಗ ಇಡೀ ಬೀದಿಯೇ ಬಸುರಿಯಾದಂತಾಯಿತು. ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ. ಒಬ್ಬಳು ಕೇಸರಿ ಹಾಲು ಎಂದರೆ ಇನ್ನೊಬ್ಬಳು ದಾಳಿಂಬೆ ಎಂದಳು. ಹನ್ನೆರಡು ಜನರಲ್ಲಿ ಹೆತ್ತವರು ನಾಲ್ವರು. ಆ ನಾಲ್ವರೂ ತಾಯಿಯ ಮನೆಯಲ್ಲಿ ಕಣ್ಣುಮುಚ್ಚಿ ಹೆತ್ತು ಬಂದವರು. ಹೆರಿಗೆಯ ಬಗ್ಗೆ ಅವರಿಗೆ ನೆನಪಿದ್ದದ್ದು ನೋವು ಮತ್ತು ಫೋಟೊ. ಎಲ್ಲರದೂ ಒಂದೇ ವಯಸ್ಸಾದರೆ ಎಲ್ಲರ ಅಜ್ಞಾನವೂ ಒಂದೇ ಆಗಿರುತ್ತದೆ ಎಂಬುದು ನಮಗೆ ಹೊಳೆಯಲೇ ಇಲ್ಲ. ಹನ್ನೆರಡು ಜನ ಒಂದೇ ಮಾತು ಹೇಳಿದರೆ ಅದು ಸತ್ಯದಂತೆಯೇ ಕೇಳಿಸುತ್ತದೆ.

ಏಳನೇ ತಿಂಗಳಿಗೆ ಸೀಮಂತ ಮಾಡಬೇಕೆಂದೆವು. ಅವಳ ತವರಿನ ಸ್ಥಾನದಲ್ಲಿ ನಾನು. ಸೀರೆ ತರಲು ಅವಳನ್ನು ಕರೆದುಕೊಂಡು ಹೊರಟ ದಿನ ಆಸ್ಪತ್ರೆಯಲ್ಲಿ ತಿಂಗಳ ತಪಾಸಣೆ ಇತ್ತು. ‘ಅಕ್ಕ, ಇವತ್ತು ತೋರಿಸ್ಬೇಕಿತ್ತು’ ಎಂದಳು. ‘ಆರಾಮಾಗಿದ್ದೀಯಲ್ಲ, ಮುಂದಿನ ವಾರ ತೋರಿಸಿದ್ರಾಯ್ತು’ ಎಂದೆ. ನಾನು ಹತ್ತನೇ ಕ್ಲಾಸಿಗೆ ಜೀವಶಾಸ್ತ್ರ ಹೇಳುವವಳು. ರಕ್ತದೊತ್ತಡ, ಮೂತ್ರಪಿಂಡ ಎಲ್ಲದರ ಚಿತ್ರ ಬರೆದು ಭಾಗಗಳನ್ನು ಗುರುತಿಸಬಲ್ಲೆ.

ಸೀಮಂತದ ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ನೋಡಿ ಮಾಡಿದೆವು. ವಿಡಿಯೊದಲ್ಲಿ ಬಲೂನಿತ್ತು, ಬಲೂನು ಕಟ್ಟಿದೆವು. ಕೇಕಿತ್ತು, ಕೇಕು ತರಿಸಿದೆವು. ಬಳೆ ತೊಡಿಸಲು ಮಾತ್ರ ಯಾರಾದರೂ ಬೇಕಾಯಿತು. ಸಂತೆಮರಹಳ್ಳಿಯ ಚಿಕ್ಕತಾಯಮ್ಮ ಎಂಬ ಬಳೆಗಾರ್ತಿಯನ್ನು ಕರೆಸಿದೆವು. ಎಪ್ಪತ್ತು ದಾಟಿದ ಸಣಕಲು ಮುದುಕಿ. ಚಾಪೆಯ ಮೇಲೆ ಕೂತು, ಸವಿತಾಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಸಿರು ಬಳೆ ಏರಿಸಲು ನೋಡಿದಳು. ಏರಲಿಲ್ಲ. ದೊಡ್ಡ ಅಳತೆಯದು ತೆಗೆದಳು. ಅದೂ ಏರಲಿಲ್ಲ. ‘ದಪ್ಪ ಆಗಿದ್ದಾಳೆ ಬಿಡಿ, ಡಬಲ್ ಊಟ’ ಎಂದು ಯಾರೋ ನಗಿಸಿದರು. ಚಿಕ್ಕತಾಯಮ್ಮ ನಗಲಿಲ್ಲ. ಅಂಗೈ ಮಗುಚಿ, ಮುಂಗೈಯ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಹಿಟ್ಟಿನ ಮೇಲೆ ಒತ್ತಿದಂತೆ ಗುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು. ಆಮೇಲೆ ತಲೆಯೆತ್ತಿ ಮುಖ ನೋಡಿದಳು.

‘ಇದು ಮೈ ಬಂದಿರದಲ್ಲ ಕಣವ್ವ, ನೀರು’ ಎಂದಳು. ‘ಮೊಕನೂ ಊದ್ಕಂಡದೆ. ತಲೆ ನೋಯ್ತದಾ ಮಗ?’

‘ಒಸಿ ನೋಯ್ತದೆ ಅಜ್ಜಿ, ಬೆಳಿಗ್ಗೆ ಹೊತ್ತು’ ಎಂದಳು ಸವಿತಾ.

‘ಇವತ್ತೇ ಆಸ್ಪತ್ರೆಗೆ ಕರ್ಕೊಂಡೋಗಿ. ನಾಳೆ ನಾಳಿದ್ದು ಅನ್ಬ್ಯಾಡಿ. ಇಂತಾ ಕೈ ನಾನು ಮೊದ್ಲೂ ನೋಡಿವ್ನಿ. ಒಳ್ಳೇದಲ್ಲ.’

ಸವಿತಾಳ ಮುಖ ಸಪ್ಪಗಾಯಿತು. ಅತ್ತ ಕೇಕಿನ ಮೇಲಿನ ಕೆನೆ ಕರಗುತ್ತಿತ್ತು. ಶಕುನ, ದೃಷ್ಟಿ ಯಾವುದನ್ನೂ ನಂಬದವಳು ಎಂದು ಸ್ಟಾಫ್ ರೂಮಿನಲ್ಲಿ ಹೆಸರು ಮಾಡಿದ್ದ ನಾನು ಆಗ ಹೇಳಿದ್ದು ಇದು: ‘ಅಜ್ಜಿ, ಶುಭ ಕಾರ್ಯದಲ್ಲಿ ಅಪಶಕುನ ನುಡೀಬೇಡಿ. ನಿಮ್ಮ ಕೆಲಸ ಬಳೆ ತೊಡಿಸೋದು, ಅಷ್ಟು ಮಾಡಿ.’

ಬೇರೆಯವರು ನಕ್ಕರು. ಮುದುಕಿ ಕೈಗೆ ಸೋಪು ಹಚ್ಚಿ, ಹೇಗೋ ಎರಡೆರಡು ಬಳೆ ಏರಿಸಿ, ಗಂಟು ಕಟ್ಟಿಕೊಂಡು ಹೋದಳು. ಊಟಕ್ಕೆ ನಿಲ್ಲಲಿಲ್ಲ. ಫೋಟೊಗಳನ್ನು ಸಂಜೆ ಗ್ರೂಪಿಗೆ ಹಾಕಿದೆವು. ಊದಿದ ಆ ಮುಖಕ್ಕೆ ‘ತಾಯಿಯ ಕಳೆ ಬಂದಿದೆ’ ಎಂದು ಬರೆದವಳು ಯಾರು ಎಂದು ನೀವು ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ನಾಲ್ಕು ದಿನ ಕಳೆದು ಮಂಗಳವಾರ ಬೆಳಿಗ್ಗೆ ಡಬ್ಬಿಗೆ ಅನ್ನ ಹಾಕುತ್ತಿದ್ದೆ. ಸವಿತಾ ಬಾಗಿಲಲ್ಲಿ ಬಂದು ನಿಂತಳು. ಮಂಜು ಕೇರಳಕ್ಕೆ ಹೋಗಿದ್ದ.

‘ತಲೆ ಸಿಡಿದೋಯ್ತದೆ ಅಕ್ಕ. ಕಣ್ಣ ಮುಂದೆ ಚುಕ್ಕಿ ಚುಕ್ಕಿ ಬತ್ತವೆ.’

‘ರಾತ್ರಿ ನಿದ್ದೆ ಮಾಡಿಲ್ಲ ಅನ್ಸುತ್ತೆ’ ಎಂದು ಒಂದು ಮಾತ್ರೆ ಕೊಟ್ಟೆ. ‘ಮಲಗು, ಸಂಜೆ ಬಂದು ನೋಡ್ತೀನಿ.’ ನನಗೆ ಮೊದಲ ಪೀರಿಯಡ್ಡಿತ್ತು. ಗ್ರೂಪಿನಲ್ಲಿ ಅವಳು ತಲೆನೋವೆಂದು ಬರೆದದ್ದಕ್ಕೆ ‘ಬಿಪಿ ಲೋ ಆಗಿರುತ್ತೆ, ನಿಂಬೆ ಶರಬತ್ತಿಗೆ ಉಪ್ಪು ಹಾಕಿ ಕುಡಿ’ ಎಂದು ಒಬ್ಬಳು ಸಲಹೆ ಕೊಟ್ಟಳು. ಅದರ ಕೆಳಗೆ ಆರು ಹೆಬ್ಬೆಟ್ಟು. ಆ ಹುಡುಗಿ ಪಾಪ, ಎರಡು ಲೋಟ ಕುಡಿದಿದ್ದಳು.

ಹನ್ನೊಂದು ಗಂಟೆಗೆ ಫೋನು ಬಂತು. ಅಡುಗೆಮನೆಯಲ್ಲಿ ಬಿದ್ದು ಸೆಟೆದುಕೊಂಡಿದ್ದಳು. ನಾನು ಓಡಿಬಂದಾಗ ಆ ದಿನ ಕೆಲಸಕ್ಕೆ ಹೋಗದೆ ಉಳಿದಿದ್ದ ಬೀದಿಯ ಮೂವರು ಹುಡುಗಿಯರು ಅವಳ ಮುಷ್ಟಿಯಲ್ಲಿ ಬೀಗದ ಕೈ ತುರುಕಿ ಅಳುತ್ತಾ ಕೂತಿದ್ದರು. ಕಬ್ಬಿಣ ಹಿಡಿಸಬೇಕು ಎಂಬುದು ಮಾತ್ರ ಅವರಿಗೆ ಅದು ಹೇಗೋ ಗೊತ್ತಿತ್ತು. ಅಜ್ಜಿಯರನ್ನು ಬಿಟ್ಟುಬಂದ ನಾವು ಅವರ ಕಣ್ಣನ್ನು ಅಲ್ಲೇ ಬಿಟ್ಟು ಮೂಢನಂಬಿಕೆಯನ್ನಷ್ಟೇ ಗಂಟು ಕಟ್ಟಿಕೊಂಡು ಬಂದಿದ್ದೆವು.

ಆಟೊದಲ್ಲಿ ಆಸ್ಪತ್ರೆಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮೈಸೂರಿಗೆ. ಅಲ್ಲಿ ಒಬ್ಬ ಡಾಕ್ಟರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು: ‘ಬಿಪಿ ಏರಿ ಫಿಟ್ಸ್ ಬಂದಿದೆ. ಮುಖ, ಕೈ, ಕಾಲು ಇಷ್ಟು ಊದಿವೆ. ಇದು ಒಂದು ದಿನದ್ದಲ್ಲ. ಯಾರೂ ನೋಡ್ಲಿಲ್ವಾ? ಅಕ್ಕಪಕ್ಕ ದೊಡ್ಡೋರು ಯಾರೂ ಇಲ್ವಾ?’

‘ನಾನೇ ದೊಡ್ಡೋಳು’ ಎಂದೆ.

ಅವರು ಒಳಗೆ ಹೋದರು. ಸವಿತಾ ಉಳಿದಳು. ಗಂಡು ಮಗು ಉಳಿಯಲಿಲ್ಲ.

ಅವಳು ಬೀದಿಗೆ ವಾಪಸ್ಸಾದ ಮೇಲೆ ನಡೆದದ್ದನ್ನು ಹೇಳಲು ನನಗೆ ಇನ್ನೂ ನಾಚಿಕೆ. ಕೂಸು ಕಳೆದುಕೊಂಡವಳ ಮನೆಗೆ ಹೋಗಿ ಏನು ಮಾತಾಡಬೇಕೆಂಬುದು ನಮ್ಮಲ್ಲಿ ಒಬ್ಬಳಿಗೂ ಬರುತ್ತಿರಲಿಲ್ಲ. ತೆರಕಣಾಂಬಿಯ ಮುದುಕಿಯರಾದರೆ ಹೋಗಿ, ಏನೂ ಆಡದೆ, ಕಾಲು ನೀಡಿ ಪಕ್ಕದಲ್ಲಿ ಕೂತಿರುತ್ತಿದ್ದರು. ನಾವು ಗ್ರೂಪಿನಲ್ಲಿ ‘ಟೇಕ್ ಕೇರ್’ ಎಂದೆವು, ಕೈಮುಗಿದ ಚಿತ್ರ ಹಾಕಿದೆವು. ಅವಳು ಬಟ್ಟೆ ಒಣಗಿಸಲು ಹೊರಗೆ ಬಂದರೆ ಒಳಗೆ ಹೋದೆವು. ಅವಳಿಗೆ ಹಾಲು ಕಟ್ಟಿಕೊಂಡು, ಎದೆ ಕಲ್ಲಾಗಿ, ಜ್ವರ ಬಂದಿತ್ತಂತೆ. ಕುಡಿಯುವ ಕೂಸಿಲ್ಲ, ಏನು ಮಾಡಬೇಕೆಂದು ಹೇಳುವವರಿಲ್ಲ. ಬಾತ್‌ರೂಮಿನಲ್ಲಿ ನಿಂತು ಹಾಲನ್ನು ಹಿಂಡಿ ಹಿಂಡಿ ಮೋರಿಗೆ ಬಿಡುತ್ತಿದ್ದಳಂತೆ. ನಮ್ಮ ಎರಡು ಮನೆಗಳ ನಡುವೆ ಮೂವತ್ತು ಹೆಜ್ಜೆ ದೂರ. ಹಾಲಿನ ಈ ಸಂಗತಿ ನನಗೆ ತಿಳಿದದ್ದು ಮಾತ್ರ ಒಂದು ವರ್ಷದ ಮೇಲೆ.

ನಡುವೆ ಒಂದು ದಿನ ಸಂತೆಮರಹಳ್ಳಿಗೆ ಹೋದೆ. ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಚಿಕ್ಕತಾಯಮ್ಮ ಕೂತಿದ್ದಳು. ಬೈಸಿಕೊಳ್ಳಲೆಂದೇ ಹೋಗಿದ್ದೆ. ಹೆಂಗಸರೆಲ್ಲರ ಎದುರು ಬೈದರೆ ಇನ್ನೂ ಒಳ್ಳೆಯದು ಎನ್ನಿಸಿತ್ತು. ಗುರುತು ಹೇಳಿ, ನಡೆದದ್ದು ಹೇಳಿದೆ. ಅವಳು ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟಳು.

‘ಕೂಸು ಓಯ್ತಾ?’ ಎಂದಳು. ‘ನಂದೇ ತೆಪ್ಪು ಕಣವ್ವ. ಜೋರಾಗಿ ಏಳ್ಬೇಕಾಗಿತ್ತು. ಓದಿರೋರು, ಯಾಪಾರ ಕೊಟ್ಟೋರು, ಯಾಕೆ ಎದುರು ಮಾತು ಅಂತ ಸುಮ್ಕಾಗ್ಬುಟ್ಟೆ’ ಎಂದಳು.

ನಾನು ಇಳಿಸಿ ಬರಬೇಕೆಂದು ಹೊತ್ತೊಯ್ದದ್ದನ್ನು ಆ ಮುದುಕಿ ತನ್ನ ತಲೆಯ ಮೇಲಿಟ್ಟುಕೊಂಡಳು. ಅದರಿಂದ ನನ್ನದೇನೂ ಕಡಿಮೆಯಾಗಲಿಲ್ಲ. ಒಂದಿದ್ದದ್ದು ಎರಡಾಯಿತು, ಅಷ್ಟೆ.

ಸವಿತಾ ಮತ್ತು ಮಂಜು ಆ ಹೊತ್ತಿಗೆ ಮನೆ ಖಾಲಿ ಮಾಡಿ ಗುಂಡ್ಲುಪೇಟೆಗೆ ಹೋಗಿದ್ದರು. ಅವಳು ಗ್ರೂಪಿನಿಂದಲೂ ಹೊರಗೆ ಹೋಗಿದ್ದಳು. ಮತ್ತೆ ಬಸುರಿಯಂತೆ ಎಂದು ಯಾರೋ ಹೇಳಿದಾಗ ತಡೆಯಲಾಗಲಿಲ್ಲ. ಒಂದು ಭಾನುವಾರ, ಕೋಡುಬಳೆ, ಮಾವಿನ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆ. ವಿಳಾಸ ಹುಡುಕುವ ಕಷ್ಟವೇನೂ ಆಗಲಿಲ್ಲ. ಪೇಟೆಯ ಹಿಂದಿನ ಹಳೆಯ ಬೀದಿ. ಹಂಚಿನ ಮನೆಗಳು, ಹೊಲಿಗೆ ಮಿಷನ್ನಿನ ಸದ್ದು, ಚರಂಡಿ ದಾಟುವ ಕೋಳಿಗಳು, ಮಕ್ಕಳ ಸೈಕಲ್ಲು, ಮತ್ತು ಪ್ರತಿ ಬಾಗಿಲಲ್ಲೂ ಒಬ್ಬೊಬ್ಬ ಮುದುಕಿ. ಸವಿತಾಳ ಮನೆ ಮುಟ್ಟುವುದರೊಳಗೆ ಮೂವರಿಗೆ ನನ್ನ ಊರು, ಕೆಲಸ, ಮಕ್ಕಳೆಷ್ಟು ಎಂಬುದೆಲ್ಲ ಹೇಳಿ ಮುಗಿಸಿದ್ದೆ.

ಪಕ್ಕದ ಮನೆ ಟೈಲರನದು. ಅವನ ತಾಯಿ ಮಾಬೂಬಿ ಸವಿತಾಳ ಹೊಸಿಲ ಮೇಲೇ ಕೂತಿದ್ದರು. ನನ್ನ ಚೀಲದ ಬಾಯಿ ತೆರೆದು ಮೂಸಿ ನೋಡಿದರು.

‘ಉಪ್ಪಿನಕಾಯಾ? ಈ ಬೇಟಿಗೆ ಉಪ್ಪು ಬಂದ್. ಕೋಡುಬಳೇನೂ ಬೇಡ. ವಾಪಸ್ ತಗೊಂಡೋಗಮ್ಮಾ. ಸೋಮವಾರ ಸೋಮವಾರ ಬಿಪಿ ನೋಡ್ಸಕ್ಕೆ ನಾನೇ ಕರ್ಕೊಂಡೋಗ್ತೀನಿ. ಗಂಡನ್ನ ನಂಬ್ಕೊಂಡ್ರೆ ಆಯ್ತದಾ?’

ಒಳಗಿನಿಂದ ಸವಿತಾ ಬಂದಳು. ಮುಖ ತಿಳಿಯಾಗಿತ್ತು, ಕೆನ್ನೆಯ ಮೂಳೆ ಕಾಣುತ್ತಿತ್ತು. ಕಾಫಿ ಕೊಟ್ಟಳು. ಅದೂ ಇದೂ ಮಾತಾಡಿದೆವು. ಮಾತಿನ ನಡುವೆ, ಈ ಮಾಬೂಬಮ್ಮ ಮೊದಲ ದಿನವೇ ಎಲ್ಲ ಕೇಳಿ ತಿಳಿದುಕೊಂಡುಬಿಟ್ಟರು ಎಂದಳು. ಕೂಸಿನ ವಿಷಯ ಕೇಳಿದವರು ಅವರೇ ಮೊದಲಂತೆ. ಹಾಲು ಕಟ್ಟಿದ ಕತೆಯನ್ನು ಅವರ ಮುಂದೆ ಹೇಳಿ ಅತ್ತಳಂತೆ. ನನಗೂ ಅದನ್ನು ಹೇಳಿದಳು, ಆದರೆ ಅಳಲಿಲ್ಲ. ಯಾರೋ ಬೇರೆಯವರ ಮನೆಯ ಸುದ್ದಿಯಂತೆ, ಲೋಟ ತೊಳೆಯುತ್ತಾ ಹೇಳಿದಳು.

ಹೊರಟಾಗ ಬೀದಿಯ ತಿರುವಿನವರೆಗೆ ಬಂದಳು. ‘ಅಕ್ಕ, ಒಂದು ಮಾತು. ಬೇಜಾರು ಮಾಡ್ಕಬ್ಯಾಡಿ.’

‘ಹೇಳು.’

‘ಇನ್ಮೇಲೆ ಬರ್ಬ್ಯಾಡಿ.’

ನಾನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ.

‘ನಿಮ್ ಮೇಲೆ ಸಿಟ್ಟಿಲ್ಲ ಕಣಕ್ಕಾ. ನೀವು ಕೆಟ್ಟೋರು ಅಂತ ಅಲ್ಲ. ನಿಮ್ಮುನ್ನ ನೋಡುದ್ರೆ ಆವತ್ತಿನ ತಲೆನೋವೇ ಬತ್ತದೆ. ಈಗ್ಲೂ ಬಂತು. ನಂಗೆ ತಲೆನೋವು ಬಂದ್ರೆ ಬೋ ಭಯ ಆಯ್ತದೆ.’

ಸಮಾಧಾನದಿಂದಲೇ ಹೇಳಿದಳು. ಬೈದಿದ್ದರೆ ನಾನೂ ಒಂದು ಮಾತಾಡಬಹುದಿತ್ತು, ಅತ್ತು ಕ್ಷಮೆ ಕೇಳಬಹುದಿತ್ತು. ಅವಳು ಅದಕ್ಕೆ ದಾರಿಯನ್ನೇ ಬಿಡಲಿಲ್ಲ. ‘ಒಳಗೆ ಹೋಗು, ಬಿಸಿಲು’ ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಎರಡೂವರೆ ತಿಂಗಳಾದ ಮೇಲೆ ಮಂಜುವಿನ ಸ್ಟೇಟಸ್ಸಿನಲ್ಲಿ ಒಂದು ಫೋಟೊ ಬಂತು. ಹೆಣ್ಣು ಮಗು. ಮಾಬೂಬಿಯ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಅಕ್ಕಪಕ್ಕ ಆ ಬೀದಿಯ ಮುದುಕಿಯರೆಲ್ಲ ಇಣುಕುತ್ತಿದ್ದರು. ಮುಖವೊಂದು ಮಾತ್ರ ಕಾಣುತ್ತಿರಲಿಲ್ಲ. ದೃಷ್ಟಿಯಾಗದಿರಲಿ ಎಂದು ಮಗುವಿನ ಮುಖದ ಮೇಲೆ ಒಂದು ಹೂವಿನ ಚಿತ್ರ ಅಂಟಿಸಿದ್ದರು. ನಾನು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಹೂವು ದೊಡ್ಡದಾಯಿತು. ಯಾರ ದೃಷ್ಟಿ ಎಂದು ಮಂಜುವನ್ನು ಕೇಳುವ ಧೈರ್ಯ ನನಗಿಲ್ಲ.